ಹಾಯಿ ಹೋಗಿ ಎಣ್ಣೆ ಬಂತು, ಎಚ್ಚರ ಬಂತೇ?

ಯಡ್ತರೆಯಿಂದ ಪಡುವಣಕ್ಕೆ ನಡೆದರೆ ಕಡಲು ದೂರವಿಲ್ಲ. ಬೈಂದೂರು, ಉಪ್ಪುಂದ, ಕೊಡೇರಿ, ಮರವಂತೆ, ಗಂಗೊಳ್ಳಿ ಎಂದು ದಕ್ಷಿಣಕ್ಕೆ ಸಾಗುವ ಈ ದಡದ ಬದುಕು ಇಂದು ನಡೆಯುತ್ತಿರುವುದು ಎಣ್ಣೆಯ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೋಟುಗಳು ಹೊಳೆಯ ಮಗ್ಗುಲಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಕೆಲವನ್ನು ದಡಕ್ಕೆ ಎಳೆದು ತೆಂಗಿನ ಗರಿ ಹೊದೆಸುತ್ತಾರೆ. ಬಲೆ ನೇಯುವವರು ಒಂದು ಕಡೆ, ಬಣ್ಣ ಬಳಿಯುವವರು ಇನ್ನೊಂದು ಕಡೆ. ದೋಣಿಯ ಹೊಟ್ಟೆಯೊಳಗೆ, ಸರಿಯಾಗಿ ನಿಲ್ಲಲೂ ಆಗದ ಎಂಜಿನ್ ಕೋಣೆಯಲ್ಲಿ, ಕೈಯಲ್ಲಿ ಪಾನ ಹಿಡಿದು ಬೆವರು ಸುರಿಸುತ್ತಾ ಕುಳಿತವನೊಬ್ಬನಿರುತ್ತಾನೆ. ಆಗಸ್ಟ್ ತಿಂಗಳ ಮೊದಲ ಪಯಣ ಸುಸೂತ್ರವಾಗಿ ಸಾಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅವನ ಕೈಯಲ್ಲಿದೆ.

ದೋಣಿಯ ಎಂಜಿನ್ ನಿಂತರೆ ಏನಾಗುತ್ತದೆ? ರಸ್ತೆಯ ಮೇಲೆ ಲಾರಿ ನಿಂತರೆ ಚಾಲಕ ಇಳಿದು ಬದಿಗೆ ಕೂರುತ್ತಾನೆ. ಕಡಲಿನಲ್ಲಿ ಬದಿ ಎಂಬುದಿಲ್ಲ. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬಗಳಿರುತ್ತವೆ, ಅಲೆಗಳು ಅಲ್ಲಿ ಎದ್ದು ಮುರಿಯುತ್ತವೆ. ಅಲೆಗೆ ಮುಖ ಕೊಟ್ಟು ದಾಟುತ್ತಿರುವ ದೋಣಿಯ ಎಂಜಿನ್ ಅರ್ಧ ನಿಮಿಷ ಕೆಮ್ಮಿ ನಿಂತರೂ ಸಾಕು, ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಅಲೆ ಮಗುಚಿ ಹಾಕುತ್ತದೆ. ಡೀಸೆಲ್ ಎಂಜಿನ್ ಓಡುತ್ತಾ ಓಡುತ್ತಾ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಅದರ ಎಣ್ಣೆಯ ಹಾದಿಯನ್ನು. ಟ್ಯಾಂಕಿನಲ್ಲಿ ನೀರು, ಪೈಪಿನಲ್ಲಿ ಗಾಳಿ, ಫಿಲ್ಟರಿನಲ್ಲಿ ಕಸ ಇವೇ ಸಾಮಾನ್ಯ ಕಾರಣಗಳು. ಇದರ ಜೊತೆಗೆ ಬೆಂಕಿಯ ಭಯ ಬೇರೆ. ಆದ್ದರಿಂದ ಎಣ್ಣೆಯ ಹಾದಿಯ ದುರಸ್ತಿ ಕೇವಲ ಮೆಕ್ಯಾನಿಕ್‌ಗೆ ಸಂಬಂಧಿಸಿದ ವಿಷಯವಲ್ಲ. ಅದು ಈ ಕರಾವಳಿ ಕಳೆದ ಎಪ್ಪತ್ತು ವರ್ಷಗಳಲ್ಲಿ ಕಲಿತ, ಇನ್ನೂ ಅರ್ಧ ಕಲಿಯಬೇಕಾದ ಒಂದು ವಿದ್ಯೆ.

ಚೆಲ್ಲಿದ ಎಣ್ಣೆಯಿಂದ ಹುಟ್ಟಿದ ಯಂತ್ರ

ಎಣ್ಣೆ ಎಂಜಿನ್ನಿನ ಕಥೆ ಒಂದು ಅಪಘಾತದಿಂದ ಶುರುವಾಗುತ್ತದೆ ಎಂದು ಹೇಳುವುದುಂಟು. ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಎಂಬ ಯುವಕ 1885ರ ಸುಮಾರಿಗೆ ಕೆಲಸ ಮಾಡುತ್ತಿದ್ದಾಗ ಸೀಮೆಎಣ್ಣೆ ಕೈತಪ್ಪಿ ಕರಗಿದ ತವರದ ಪಾತ್ರೆಗೆ ಚೆಲ್ಲಿತಂತೆ. ಕಾದ ಲೋಹ ತಾಗಿದ ಎಣ್ಣೆ ಕ್ಷಣದಲ್ಲಿ ಆವಿಯಾಗಿ, ಹತ್ತಿರದ ದೀಪಕ್ಕೆ ತಗುಲಿ ಭಗ್ಗೆಂದು ಹತ್ತಿಕೊಂಡಿತಂತೆ. ಬೇರೆಯವರಾದರೆ ಅದನ್ನು ಆರಿಸಿ ಮರೆತುಬಿಡುತ್ತಿದ್ದರು. ಈತ ಅದನ್ನೇ ಒಂದು ಉಕ್ಕಿನ ಕೊಳವೆಯೊಳಗೆ ಕೂಡಿಹಾಕಿದರೆ ಹೇಗೆ ಎಂದು ಯೋಚಿಸಿದ. 1890ರಲ್ಲಿ ಪೇಟೆಂಟ್ ಪಡೆದ. ಗ್ರಾಂಥಮ್ ಊರಿನ ಹಾರ್ನ್ಸ್‌ಬಿ ಕಂಪೆನಿ ಆ ಎಂಜಿನ್ನನ್ನು ತಯಾರಿಸಿ ಮಾರಾಟಕ್ಕಿಟ್ಟಿತು. ಅದರ ತಲೆಯ ಮೇಲಿನ ಲೋಹದ ಬುರುಡೆಯನ್ನು ಮೊದಲು ದೀಪದಿಂದ ಕಾಯಿಸಬೇಕಿತ್ತು. ಆಮೇಲೆ ಅದರೊಳಗೆ ಎಣ್ಣೆ ಬಿದ್ದಾಗಲೆಲ್ಲ ತಾನಾಗಿ ಉರಿಯುತ್ತಿತ್ತು. ‘ಸೆಮಿ ಡೀಸೆಲ್’ ಎಂದು ಮುಂದೆ ಹೆಸರಾದ ಈ ಬಗೆಯ ಎಂಜಿನ್‌ಗಳು ನಾರ್ವೆ ಮೊದಲಾದ ದೇಶಗಳ ಮೀನುಗಾರಿಕೆ ದೋಣಿಗಳಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮನೆಮಾತಾದವು.

ಇನ್ನೊಂದು ಹೆಜ್ಜೆ ಮುಂದೆ ಹೋದವನು ಜರ್ಮನಿಯ ರುಡಾಲ್ಫ್ ಡೀಸೆಲ್. ಹೊರಗಿನ ದೀಪವೂ ಬೇಡ, ಕಿಡಿಯೂ ಬೇಡ. ಗಾಳಿಯನ್ನೇ ಒತ್ತಿ ಒತ್ತಿ ಕಾಯಿಸಿ ಅದರೊಳಗೆ ಎಣ್ಣೆ ಸಿಂಪಡಿಸಿದರೆ ಸಾಕು ಎಂಬುದು ಅವನ ಲೆಕ್ಕ. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅವನ ಎಂಜಿನ್ ಪರೀಕ್ಷೆಯಲ್ಲಿ ಗೆದ್ದಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ನೆಲಗಡಲೆ ಎಣ್ಣೆಯಿಂದಲೇ ಓಡಿತು. 1912ರಲ್ಲಿ ಡೆನ್ಮಾರ್ಕಿನ ‘ಸೆಲಾಂಡಿಯಾ’ ಹಡಗು ಡೀಸೆಲ್ ಬಲದಿಂದ ಮಹಾಸಾಗರ ದಾಟಿತು. ಮರುವರ್ಷ, 1913ರ ಸೆಪ್ಟೆಂಬರಿನಲ್ಲಿ, ಡೀಸೆಲ್ ಇಂಗ್ಲಿಷ್ ಕಡಲ್ಗಾಲುವೆ ದಾಟುತ್ತಿದ್ದ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ.

ಆದರೆ ಡೀಸೆಲ್ ಕಟ್ಟಿದ ಮೂಲ ಎಂಜಿನ್ ಸಣ್ಣ ದೋಣಿಗೆ ಹೊಂದುವಂಥದ್ದಾಗಿರಲಿಲ್ಲ. ಎಣ್ಣೆಯನ್ನು ಒಳಗೆ ಊದಲು ಅದಕ್ಕೆ ದೊಡ್ಡ ಗಾಳಿಯಂತ್ರವೇ ಬೇಕಿತ್ತು. ಈ ಗಂಟನ್ನು ಬಿಡಿಸಿದವನು ರಾಬರ್ಟ್ ಬಾಷ್. ಅವನ ಕಾರ್ಖಾನೆ 1927ರಿಂದ ಸಾಲು ಸಾಲಾಗಿ ತಯಾರಿಸತೊಡಗಿದ ಇಂಜೆಕ್ಷನ್ ಪಂಪ್, ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಅಳೆದು ಭಾರೀ ಒತ್ತಡದಲ್ಲಿ ನೋಜಲ್‌ಗೆ ತಳ್ಳುವ ಅಂಗೈಯಗಲದ ಯಂತ್ರ. ಲಾರಿ, ಟ್ರ್ಯಾಕ್ಟರ್, ಮೀನುಗಾರಿಕೆ ದೋಣಿ ಎಲ್ಲಕ್ಕೂ ಡೀಸೆಲ್ ಎಂಜಿನ್ ಒಗ್ಗಿದ್ದು ಅದರಿಂದಲೇ. ಕನ್ನಡಿಗರಿಗೆ ಈ ಪಂಪ್ ಅಪರಿಚಿತವೇನಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಅಂದರೆ ನಮ್ಮೆಲ್ಲರ ‘ಮೈಕೋ’, ತಯಾರಿಸಿದ್ದು ಇದನ್ನೇ. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾದರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಮೈಕೋ ಪಂಪ್’ ಎಂಬ ಮಾತು ಹೋಗಿಲ್ಲ.

ಈ ಕಥೆಯ ಸಾರವನ್ನು ಒಂದು ಮಾತಿನಲ್ಲಿ ಹೇಳಬಹುದು. ಚೆಲ್ಲಿದ ಎಣ್ಣೆ ಕಾದ ಲೋಹಕ್ಕೆ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆ ಅಪಘಾತವನ್ನು ಉಕ್ಕಿನ ಗೋಡೆಯೊಳಗೆ ಹದ್ದುಬಸ್ತಿನಲ್ಲಿಟ್ಟರೆ ಅದು ಎಂಜಿನ್. ಗೋಡೆಯ ಹೊರಗೆ ಬಿಟ್ಟರೆ ಅದೇ ಬೆಂಕಿ. ಎಣ್ಣೆಯ ಹಾದಿಯ ದುರಸ್ತಿ ಎಂದರೆ ಈ ಎರಡರ ನಡುವಿನ ಗೋಡೆಯನ್ನು ಕಾಯುವ ಕೆಲಸ.

ನಾರ್ವೆಯಿಂದ ನೀಂಡಕರ, ಅಲ್ಲಿಂದ ಇತ್ತ

ನಮ್ಮ ಪಶ್ಚಿಮ ಕರಾವಳಿಯ ಮೀನುಗಾರಿಕೆಗೆ ಎಂಜಿನ್ ಬಂದದ್ದು ಸರಕಾರದ ಕೈ ಹಿಡಿದು. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಹಾಗೂ ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷದಿಂದ ಕೊಲ್ಲಂ ಬಳಿಯ ನೀಂಡಕರ, ಶಕ್ತಿಕುಳಂಗರ ಊರುಗಳಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ದೋಣಿ ಕಟ್ಟುವ ಕಟ್ಟೆ, ಮಂಜುಗಡ್ಡೆಯ ಸ್ಥಾವರ, ಎಂಜಿನ್ ದುರಸ್ತಿಯ ಕಾರ್ಯಾಗಾರ ಎಲ್ಲವೂ ಅದರಲ್ಲಿದ್ದವು. 1963ರಲ್ಲಿ ಯೋಜನೆ ನಮ್ಮ ಕಾರವಾರಕ್ಕೂ ವಿಸ್ತರಿಸಿತು. ಅದೇ ವರ್ಷ ಎರ್ನಾಕುಲಂನಲ್ಲಿ ಮೀನುಗಾರಿಕೆ ದೋಣಿಗಳ ಚಾಲಕರಿಗೂ ಎಂಜಿನ್ ನೋಡಿಕೊಳ್ಳುವವರಿಗೂ ತರಬೇತಿ ಕೊಡುವ ಕೇಂದ್ರ ಸರಕಾರದ ಸಂಸ್ಥೆ ಹುಟ್ಟಿತು. 1969ರಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿ ತೆರೆಯಿತು.

ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿತ್ತು. ಆಗಿನ ಕಡಲತಡಿ ರಂಪಣಿ ಬಲೆಯ, ಹುಟ್ಟಿನ, ಹಾಯಿಯ ಲೋಕ. ಮೊಗವೀರರು, ಖಾರ್ವಿಗಳು ಗಾಳಿಯ ದಿಕ್ಕು, ನೀರಿನ ಸೆಳೆತ, ಮೋಡದ ಬಣ್ಣ ನೋಡಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ನೀರಿನ ಮೇಲೆ ಎಂಜಿನ್ ಸದ್ದು ಎಂದರೆ ಕುಂದಾಪುರ-ಗಂಗೊಳ್ಳಿ ನಡುವೆ ಹೊಳೆ ದಾಟಿಸುತ್ತಿದ್ದ ಲಾಂಚಿನ ಸದ್ದು. ಆಮೇಲೆ ಸಾಲ, ಸಹಾಯಧನ, ಸಹಕಾರಿ ಸಂಘಗಳ ಮೂಲಕ ಯಾಂತ್ರೀಕೃತ ದೋಣಿಗಳು ಒಂದೊಂದಾಗಿ ಬಂದವು. 1975-76ರಲ್ಲಿ ಪರ್ಸೀನ್ ಬಲೆ ಕಾಲಿಟ್ಟ ಮೇಲೆ ನೋಡನೋಡುತ್ತಿದ್ದಂತೆ ರಂಪಣಿಯ ಕಾಲ ಮುಗಿಯಿತು. ಸೀಗಡಿಗೆ ವಿದೇಶದಲ್ಲಿ ಬೆಲೆ ಬಂದಂತೆ ಟ್ರಾಲ್ ಬೋಟುಗಳೂ ಹೆಚ್ಚಿದವು.

ಬೋಟಿನೊಳಗೆ ಕೂತ ಎಂಜಿನ್ ಬಹುಪಾಲು ದೇಶದಲ್ಲೇ ತಯಾರಾದದ್ದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಮನೆತನದ ಉದ್ಯಮ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪೆನಿ ಶುರು ಮಾಡಿತು. ಕಿರ್ಲೋಸ್ಕರ್, ರಸ್ಟನ್, ಲೇಲ್ಯಾಂಡ್ ಎಂಬ ಹೆಸರುಗಳು ಬಂದರಿನ ಮಕ್ಕಳಿಗೂ ಬಾಯಿಪಾಠವಾದವು. ಮೊದಲ ದೋಣಿಗಳ ಎಂಜಿನ್ ಹತ್ತಿಪ್ಪತ್ತು ಅಶ್ವಶಕ್ತಿಯದಾಗಿದ್ದರೆ, ಇಂದು ಆಳ ಸಮುದ್ರಕ್ಕೆ ಹತ್ತು-ಹನ್ನೆರಡು ದಿನಕ್ಕೆಂದು ಹೊರಡುವ ಬೋಟುಗಳಲ್ಲಿ ಮುನ್ನೂರು ಅಶ್ವಶಕ್ತಿ ದಾಟಿದವುಗಳೂ ಇವೆ. ಅವು ಹೊತ್ತೊಯ್ಯುವುದು ಸಾವಿರಾರು ಲೀಟರ್ ಡೀಸೆಲ್.

ಹಾಯಿಯ ವಿದ್ಯೆ ಅಜ್ಜನಿಂದ ಮೊಮ್ಮಗನಿಗೆ ಬಂದದ್ದು. ಎಂಜಿನ್ನಿಗೆ ಅಜ್ಜ ಇರಲಿಲ್ಲ. ತರಬೇತಿ ಸಂಸ್ಥೆಗೆ ಹೋದವರು ಕೆಲವರು. ಮಿಕ್ಕವರು ಲಾರಿ ಗ್ಯಾರೇಜಿನ ಮೇಸ್ತ್ರಿಯ ಪಕ್ಕದಲ್ಲಿ ನಿಂತು, ಕೈಗೆ ಮಸಿ ಮೆತ್ತಿಕೊಂಡು ಕಲಿತವರು. ಅವರ ಜಾಣ್ಮೆ ದೊಡ್ಡದು, ಅನುಮಾನವಿಲ್ಲ. ಆದರೆ ಗ್ಯಾರೇಜಿನಲ್ಲಿ ಗಾಳಿಯಾಡುತ್ತದೆ, ಚೆಲ್ಲಿದ ಎಣ್ಣೆಯನ್ನು ನೆಲ ಹೀರುತ್ತದೆ, ಬೆಂಕಿ ಬಿದ್ದರೆ ಓಡಲು ರಸ್ತೆಯಿದೆ. ದೋಣಿಯಲ್ಲಿ ಈ ಮೂರೂ ಇಲ್ಲ. ಅಲ್ಲಿ ಕಲಿತ ಅಭ್ಯಾಸವನ್ನು ಇಲ್ಲಿಗೆ ಹಾಗೆಯೇ ತಂದಾಗ ತೊಂದರೆ ಶುರುವಾಗುತ್ತದೆ.

ಟ್ಯಾಂಕಿನಿಂದ ನೋಜಲ್‌ವರೆಗೆ

ಎಣ್ಣೆಯ ಹಾದಿಯನ್ನು ಒಮ್ಮೆ ಟ್ಯಾಂಕಿನಿಂದ ಹಿಂಬಾಲಿಸೋಣ. ಟ್ಯಾಂಕಿನ ಮೇಲೆ ಗಾಳಿ ಬಂದುಹೋಗಲು ಒಂದು ಕೊಳವೆ, ಕೆಳಗೆ ಒಂದು ಕಾಕ್. ಅಲ್ಲಿಂದ ಎಣ್ಣೆ ನೀರು ಬೇರ್ಪಡಿಸುವ ಬಟ್ಟಲಿಗೆ ಬರುತ್ತದೆ. ನೀರು ಡೀಸೆಲ್‌ಗಿಂತ ಭಾರ, ಆದ್ದರಿಂದ ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ. ಅಲ್ಲಿಂದ ಫೀಡ್ ಪಂಪ್ ಎಣ್ಣೆಯನ್ನು ಎಳೆದು ಫಿಲ್ಟರಿಗೆ ತಳ್ಳುತ್ತದೆ. ಕೈಯಿಂದ ಒತ್ತಲು ಅದಕ್ಕೊಂದು ಪುಟ್ಟ ಹಿಡಿಯಿರುತ್ತದೆ. ಫಿಲ್ಟರಿನಿಂದ ಇಂಜೆಕ್ಷನ್ ಪಂಪ್, ಅಲ್ಲಿಂದ ಉಕ್ಕಿನ ಸಣ್ಣ ಪೈಪುಗಳ ಮೂಲಕ ಪ್ರತಿ ಸಿಲಿಂಡರಿನ ನೋಜಲ್. ಉಳಿದ ಎಣ್ಣೆ ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ.

ಈ ಹಾದಿಯಲ್ಲಿ ಎರಡು ಊರುಗಳಿವೆ ಎಂದುಕೊಳ್ಳಿ. ಟ್ಯಾಂಕಿನಿಂದ ಇಂಜೆಕ್ಷನ್ ಪಂಪಿನವರೆಗೆ ಒತ್ತಡ ಕಡಿಮೆ. ಅಲ್ಲಿ ಸೋರಿದರೆ ಹನಿ ಹನಿಯಾಗಿ ಕಾಣುತ್ತದೆ. ಪಂಪಿನಿಂದಾಚೆ ಸಾಮಾನ್ಯ ಹಳೆಯ ಎಂಜಿನ್‌ಗಳಲ್ಲೂ ಸುಮಾರು 200 ವಾತಾವರಣದಷ್ಟು ಒತ್ತಡ, ಅಂದರೆ ಕಾರಿನ ಚಕ್ರದ ಗಾಳಿಯ ನೂರರಷ್ಟು. ಹೊಸ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಅದು ಸಾವಿರ ದಾಟುತ್ತದೆ. ಇಲ್ಲಿ ಬಿರುಕು ಬಿಟ್ಟರೆ ಎಣ್ಣೆ ಹನಿಯುವುದಿಲ್ಲ, ಮಂಜಿನಂತೆ ಚಿಮ್ಮುತ್ತದೆ.

ಪಂಪಿನೊಳಗಿನ ಪ್ಲಂಜರ್ ಮತ್ತು ಅದರ ಗೂಡಿನ ನಡುವಿನ ಸಂದು ಎರಡು-ಮೂರು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಓದುಗರಿಗೆ ಅಂದಾಜಾದೀತು. ಕಣ್ಣಿಗೆ ಕಾಣದ ಮರಳಿನ ಕಣ ಒಂದು ಒಳಹೊಕ್ಕರೂ ಅದು ಗೀರಿಬಿಡುತ್ತದೆ. ಬಲೆಯಿಂದ ಉಪ್ಪುನೀರು ಸುರಿಯುವ, ಮರಳು ಹಾರುವ ಜಾಗದಲ್ಲಿ ಗಡಿಯಾರದಷ್ಟು ನಾಜೂಕಿನ ಯಂತ್ರವನ್ನು ಬಿಚ್ಚಿ ಕೂರಬೇಕಾದ ಕಷ್ಟ ದೋಣಿಯ ಮೆಕ್ಯಾನಿಕ್‌ನದು.

ನೀರು, ಗಾಳಿ, ಕಸ

ಮಳೆಗಾಲದ ರಜೆಯೇ ಟ್ಯಾಂಕಿಗೆ ಶತ್ರು. ಅರ್ಧ ಖಾಲಿ ಇರುವ ಟ್ಯಾಂಕಿನ ಮೇಲ್ಭಾಗದಲ್ಲಿ ತೇವದ ಗಾಳಿ ತುಂಬಿರುತ್ತದೆ. ರಾತ್ರಿ ತಂಪಾದಾಗ ಆ ತೇವ ಗೋಡೆಯ ಮೇಲೆ ಬೆವರಿನಂತೆ ಕೂತು, ಹನಿಯಾಗಿ ಇಳಿದು ತಳ ಸೇರುತ್ತದೆ. ಹೀಗೆ 61 ರಾತ್ರಿ. ನೀರು ಮತ್ತು ಡೀಸೆಲ್ ಸಂಧಿಸುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ನೀರಿನಲ್ಲಿ ವಾಸ, ಡೀಸೆಲ್ ಆಹಾರ. ಕಪ್ಪು ಲೋಳೆಯಂತಹ ಈ ಗಷ್ಟು ಸುಮ್ಮನೆ ತಳದಲ್ಲಿ ಬಿದ್ದಿರುತ್ತದೆ. ಆಗಸ್ಟಿನಲ್ಲಿ ಬೋಟು ಹೊರಟು ಅಳಿವೆಯ ಅಲೆಗಳಲ್ಲಿ ಕುಲುಕಿದಾಗ ಮೇಲೆದ್ದು ಫಿಲ್ಟರಿಗೆ ಹೊಕ್ಕು ಕಟ್ಟಿಹಾಕುತ್ತದೆ. ಎಂಜಿನ್ ನಿಲ್ಲಲೇಬಾರದ ಜಾಗದಲ್ಲೇ ನಿಲ್ಲುವುದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದು ದುರದೃಷ್ಟವಲ್ಲ, ಕುಲುಕಾಟದ ಫಲ.

ಪರಿಹಾರ ಸರಳ. ರಜೆಗೆ ಮುನ್ನ ಟ್ಯಾಂಕ್ ತುಂಬಿಸಿಡುವುದು ಒಂದು ದಾರಿ. ಪೂರ್ತಿ ಖಾಲಿ ಮಾಡಿ ಒರೆಸಿಡುವುದು ಇನ್ನೊಂದು. ಎರಡೂ ಆಗದಿದ್ದರೆ ಹೊರಡುವ ಮುನ್ನ ತಳದ ಕಾಕ್‌ನಿಂದ ಒಂದು ಗಾಜಿನ ಬಾಟಲಿಗೆ ಎಣ್ಣೆ ಬಿಟ್ಟು ನೋಡಬೇಕು. ಕೆಳಗೆ ನೀರಿನ ಪದರ ಕಂಡರೆ ಶುದ್ಧ ಎಣ್ಣೆ ಬರುವವರೆಗೂ ಬಿಡಬೇಕು. ಒಳಗೆ ಸತು ಲೇಪಿಸಿದ ತಗಡಿನ ಟ್ಯಾಂಕ್ ಡೀಸೆಲ್‌ಗೆ ಹೇಳಿದ್ದಲ್ಲ. ಸತು ಡೀಸೆಲ್ ಜೊತೆ ಸೇರಿ ಫಿಲ್ಟರಿಗೆ ಕಸ ಕಳಿಸುತ್ತದೆ.

ಗಾಳಿಯದು ಬೇರೆ ಕಥೆ. ಎಣ್ಣೆಯನ್ನು ಒತ್ತಲು ಆಗುವುದಿಲ್ಲ, ಅದಕ್ಕೇ ಅದು ಒತ್ತಡವನ್ನು ನೋಜಲ್‌ವರೆಗೆ ಸಾಗಿಸುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಪಂಪ್ ಎಷ್ಟೇ ಒತ್ತಿದರೂ ಗುಳ್ಳೆ ಕುಗ್ಗಿ ಹಿಗ್ಗುತ್ತದೆಯೇ ಹೊರತು ನೋಜಲ್ ತೆರೆಯುವುದಿಲ್ಲ. ‘ಏರ್ ಹಿಡಿದಿದೆ’ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಟ್ಯಾಂಕ್ ಬರಿದಾದಾಗ, ಫಿಲ್ಟರ್ ಬದಲಿಸಿದಾಗ, ವಾಷರ್ ಸವೆದಾಗ ಹೀಗಾಗುತ್ತದೆ. ಒಂದು ವಿಚಿತ್ರ ಗಮನಿಸಿ: ಟ್ಯಾಂಕ್ ಕೆಳಗಿದ್ದು ಪಂಪ್ ಮೇಲಿದ್ದರೆ ನಡುವಿನ ಪೈಪಿನ ತೂತಿನಿಂದ ಎಣ್ಣೆ ಹೊರಬರುವುದೇ ಇಲ್ಲ. ಬದಲಿಗೆ ಗಾಳಿ ಒಳಹೋಗುತ್ತದೆ. ಸೋರಿಕೆ ಕಾಣದ ಕಾರಣ ದಿನಗಟ್ಟಲೆ ಹುಡುಕಬೇಕಾಗುತ್ತದೆ.

‘ಡೀಸೆಲ್ಲಿಗೆ ಎಂತದೂ ಆತಿಲ್ಲ’

‘ಪೆಟ್ರೋಲ್ ಆದ್ರೆ ಹೆದರ್ಕೆ, ಡೀಸೆಲ್ಲಿಗೆ ಎಂತದೂ ಆತಿಲ್ಲ ಮಾರಾಯ್ರೆ’ ಎಂಬುದು ಬಂದರಿನಲ್ಲಿ ಸುಲಭವಾಗಿ ಕೇಳಿಸುವ ಧಾಟಿಯ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ದ್ರವವೊಂದರ ಆವಿ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಏಳಲು ಬೇಕಾದ ಉಷ್ಣತೆಗೆ ಜ್ವಲನ ಬಿಂದು ಎನ್ನುತ್ತಾರೆ. ಪೆಟ್ರೋಲಿಗೆ ಅದು ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗೆ. ಅಂದರೆ ನಮ್ಮ ಊರಿನ ಯಾವ ಹವೆಯಲ್ಲೂ ಪೆಟ್ರೋಲ್ ಸದಾ ಸಿದ್ಧ. ಡೀಸೆಲ್ ಹಾಗಲ್ಲ.

ಉಳಿದರ್ಧವೇ ಅಪಾಯದ್ದು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಡೀಸೆಲ್‌ಗೆ ಇರಬೇಕಾದ ಕನಿಷ್ಠ ಜ್ವಲನ ಬಿಂದು 35 ಡಿಗ್ರಿ ಸೆಲ್ಸಿಯಸ್. ಸೀಮೆಎಣ್ಣೆಗೂ ಅಷ್ಟೇ. ಅಂತರರಾಷ್ಟ್ರೀಯ ನಿಯಮಗಳು ದೊಡ್ಡ ಹಡಗಿನ ಇಂಧನಕ್ಕೆ ಸಾಮಾನ್ಯವಾಗಿ ಕೇಳುವುದು 60 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಓಡಿ ಬಂದ ಬೋಟಿನ ಎಂಜಿನ್ ಕೋಣೆ 35 ಡಿಗ್ರಿಯನ್ನು ಸಲೀಸಾಗಿ ಮೀರುತ್ತದೆ. ಎಲ್ಲ ಡೀಸೆಲ್ಲೂ ಕನಿಷ್ಠ ಮಟ್ಟದಲ್ಲೇ ಇರುತ್ತದೆ ಎಂದಲ್ಲ. ಆದರೆ ಅದನ್ನು ನಂಬಿ ಬೀಡಿ ಹಚ್ಚುವಂತಿಲ್ಲ.

ಇನ್ನೂ ಒಂದು ಸಂಗತಿ ಕೇಳಿದವರು ಅಚ್ಚರಿಪಡುತ್ತಾರೆ. ಕಿಡಿಯೇ ಇಲ್ಲದೆ, ಬರೀ ಕಾದ ಲೋಹ ತಾಗಿ ಹೊತ್ತಿಕೊಳ್ಳುವ ವಿಷಯದಲ್ಲಿ ಡೀಸೆಲ್ ಪೆಟ್ರೋಲಿಗಿಂತ ಮುಂದು. ಅದಕ್ಕೆ 200ರಿಂದ 250 ಡಿಗ್ರಿಯ ಆಸುಪಾಸು ಸಾಕು. ಕಿಡಿಯಿಲ್ಲದ ಎಂಜಿನ್ನಿಗೆ ಅದು ಒಗ್ಗುವುದೇ ಈ ಗುಣದಿಂದ. ಹೊಗೆ ಹೊರಬರುವ ಮ್ಯಾನಿಫೋಲ್ಡ್, ಹೊದಿಕೆಯಿಲ್ಲದ ಸೈಲೆನ್ಸರ್ ಪೈಪು ಭಾರ ಎಳೆಯುವಾಗ ಇದಕ್ಕಿಂತ ಹೆಚ್ಚು ಕಾಯುತ್ತವೆ. ಒಡೆದ ಪೈಪಿನಿಂದ ಚಿಮ್ಮಿದ ಮಂಜು ಅದರ ಮೇಲೆ ಬಿದ್ದರೆ ಅಕ್ರಾಯ್ಡ್ ಸ್ಟುವರ್ಟ್‌ನ ತವರದ ಪಾತ್ರೆಯ ಕಥೆ ಮತ್ತೆ ನಡೆಯುತ್ತದೆ, ಈ ಬಾರಿ ಕಡಲ ನಡುವೆ. ದೊಡ್ಡ ಹಡಗುಗಳಲ್ಲಿ ಈ ಪೈಪುಗಳಿಗೆ ಹೊರಗಿನಿಂದ ಇನ್ನೊಂದು ಪೈಪಿನ ಕವಚ ತೊಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು ಇದೇ ಕಾರಣಕ್ಕೆ. ಆ ನಿಯಮ ಮೀನುಗಾರಿಕೆ ದೋಣಿಗಳಿಗೆ ಅನ್ವಯಿಸುವುದಿಲ್ಲ.

ಬೆಂಕಿ ಒಂದು ಬೋಟಿಗೆ ನಿಲ್ಲುವುದಿಲ್ಲ ಎಂಬುದನ್ನು 2023ರ ನವೆಂಬರ್ ತೋರಿಸಿಕೊಟ್ಟಿತು. ದೀಪಾವಳಿಯ ಹೊತ್ತಿಗೆ ಗಂಗೊಳ್ಳಿ ಬಂದರಿನಲ್ಲಿ ನಿಲ್ಲಿಸಿದ್ದ ಹಲವು ದೋಣಿಗಳು ಒಟ್ಟಿಗೆ ಸುಟ್ಟುಹೋದವು. ಅಂದಿನ ಬೆಂಕಿಯ ಮೂಲ ಏನೇ ಇರಲಿ, ಮರ, ಬಲೆ, ಫೈಬರ್, ಎಣ್ಣೆ ಎಲ್ಲವೂ ಒತ್ತೊತ್ತಾಗಿ ನಿಂತ ಜಾಗದಲ್ಲಿ ಒಬ್ಬರ ಅಜಾಗರೂಕತೆ ಹತ್ತು ಮನೆಗಳ ಅನ್ನವನ್ನು ಕಸಿಯಬಲ್ಲದು.

ಪಾನ ಹಿಡಿಯುವ ಮುನ್ನ

ಹಾಗಾದರೆ ಸುರಕ್ಷಿತ ದುರಸ್ತಿ ಎಂದರೇನು? ಅನುಭವಿಗಳ ಕೆಲಸದ ಕ್ರಮದಲ್ಲೇ ಅದು ಅಡಗಿದೆ. ಎಂಜಿನ್ ನಿಲ್ಲಿಸಿ ತಣ್ಣಗಾಗಲು ಬಿಡಬೇಕು. ಬ್ಯಾಟರಿಯ ತಂತಿ ಬಿಚ್ಚಬೇಕು ಅಥವಾ ಮುಖ್ಯ ಸ್ವಿಚ್ ಆರಿಸಬೇಕು. ಪಾನ ಜಾರಿ ಸ್ಟಾರ್ಟರ್ ತಂತಿಗೆ ತಾಗಿದರೆ ಏಳುವ ಕಿಡಿ ಸಾಮಾನ್ಯದ್ದಲ್ಲ. ಮುಚ್ಚಳಗಳನ್ನು ತೆಗೆದು ಗಾಳಿಯಾಡಿಸಬೇಕು. ಒಲೆ, ಬೀಡಿ, ವೆಲ್ಡಿಂಗ್ ದೂರವಿರಬೇಕು. ಟ್ಯಾಂಕಿನ ಕಾಕ್ ಮುಚ್ಚಿ, ಬಿಚ್ಚುವ ಜಾಗದ ಕೆಳಗೆ ತಟ್ಟೆಯಿಡಬೇಕು. ದೋಣಿಯ ತಳಕ್ಕೆ ಇಳಿದ ಎಣ್ಣೆ ಅಲ್ಲೇ ಉಳಿದು ಮುಂದಿನ ಬೆಂಕಿಗೆ ಕಾಯುತ್ತದೆ. ನೀರಿನೊಂದಿಗೆ ಹೊಳೆಗೆ ಪಂಪ್ ಮಾಡಿದರೆ ಮರಿಮೀನು, ಚಿಪ್ಪುಮೀನು ಬೆಳೆಯುವ ಜಾಗಕ್ಕೇ ವಿಷ.

ಬಿಚ್ಚುವ ಮುನ್ನ ಜೋಡಣೆಯ ಹೊರಭಾಗವನ್ನು ಒರೆಸಬೇಕು, ಬಿಚ್ಚಿದ ಬಾಯಿಗಳನ್ನು ಮುಚ್ಚಿಡಬೇಕು. ತಾಮ್ರದ ವಾಷರ್ ಒಮ್ಮೆ ಬಿಗಿದರೆ ಆ ಜಾಗಕ್ಕೆ ತಕ್ಕಂತೆ ಒತ್ತಿ ಕೂರುತ್ತದೆ. ಅದನ್ನೇ ಮತ್ತೆ ಹಾಕಿದರೆ ಸೋರುತ್ತದೆ. ಕೆಲವೇ ರೂಪಾಯಿಯ ಹೊಸ ವಾಷರ್‌ನಲ್ಲಿ ಉಳಿತಾಯ ನೋಡಬಾರದು. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪನ್ನು ಎಣ್ಣೆಗೆ ಹಾಕುವುದು ಇನ್ನೊಂದು ತಪ್ಪು. ಅದು ಬಿರುಸಾಗಿ ಒಡೆಯುತ್ತದೆ. ಬೆಂಕಿಗೆ ಕ್ಷಣದಲ್ಲಿ ಕರಗಿ ಟ್ಯಾಂಕಿನ ಎಣ್ಣೆಯನ್ನೆಲ್ಲ ಸುರಿಯುತ್ತದೆ. ಇಂಧನಕ್ಕೆಂದೇ ತಯಾರಿಸಿದ ಪೈಪು, ಅಲುಗದಂತೆ ಹಿಡಿದಿಡುವ ಕ್ಲಿಪ್ಪು ಅಗತ್ಯ. ಪೈಪು ಒಡೆಯುವುದು ಬಹಳಷ್ಟು ಸಲ ಒತ್ತಡದಿಂದಲ್ಲ, ನಡುಕದಿಂದ.

ಗಾಳಿ ತೆಗೆಯಲೂ ಒಂದು ಕ್ರಮವುಂಟು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಹಿಡಿ ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಎಣ್ಣೆ ಬರುತ್ತದೆ. ಎಣ್ಣೆ ಹರಿಯುತ್ತಿರುವಾಗಲೇ ಬಿಗಿಯಬೇಕು. ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂ. ಹಳೆಯ ಮಾದರಿಯ ಎಂಜಿನ್ನಿನಲ್ಲಿ ಕೊನೆಗೆ ಬ್ಯಾಟರಿ ಜೋಡಿಸಿ, ನೋಜಲ್ ಬಳಿಯ ನಟ್ ಕೊಂಚ ಸಡಿಲಿಸಿ ಎಂಜಿನ್ ತಿರುಗಿಸುವುದು ರೂಢಿ. ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗೆ ಮಾಡಲೇಬಾರದು.

ಯಾಕೆಂದರೆ ಆ ಒತ್ತಡದ ಎಣ್ಣೆ ಚರ್ಮವನ್ನು ಸೂಜಿಯಂತೆ ತೂರುತ್ತದೆ. ಡೀಸೆಲ್ ಎಂಜಿನ್ನಿನ ಎಣ್ಣೆ ಹೀಗೆ ಕೈಯೊಳಗೆ ಹೊಕ್ಕ ಪ್ರಕರಣವನ್ನು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 1937ರಲ್ಲೇ ದಾಖಲಿಸಿದೆ. ಹೊರಗೆ ಕಾಣುವುದು ಸಾಸಿವೆಯಷ್ಟು ತೂತು, ನೋವೂ ಮೊದಲಿಗೆ ಅಷ್ಟಿಲ್ಲ. ಒಳಗೆ ಎಣ್ಣೆ ಬೆರಳಿನುದ್ದಕ್ಕೂ ಹರಡಿ ಮಾಂಸವನ್ನು ಕೊಲ್ಲುತ್ತದೆ. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೇ ಹೋಗಬಹುದು. ಸೋರಿಕೆ ಎಲ್ಲಿದೆ ಎಂದು ಬೆರಳಿಟ್ಟು ನೋಡುವ ಅಭ್ಯಾಸ ಅದಕ್ಕೇ ಕೆಟ್ಟದ್ದು. ಒಂದು ರಟ್ಟಿನ ತುಂಡು ಹಿಡಿದರೆ ಎಣ್ಣೆಯ ಗೆರೆ ಅದರ ಮೇಲೆ ಮೂಡುತ್ತದೆ.

ಬಾಯಿಯಿಂದ ಪೈಪು ಚೀಪಿ ಎಣ್ಣೆ ಇಳಿಸುವುದೂ ಅಷ್ಟೇ ಅಪಾಯ. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಇಳಿದ ಹನಿ ಹೆಚ್ಚು ಕೆಡುಕು ಮಾಡುತ್ತದೆ. ನುಂಗಿದವನಿಗೆ ವಾಂತಿ ಮಾಡಿಸಲು ಹೋದರೆ ಮತ್ತಷ್ಟು ಎಣ್ಣೆ ಶ್ವಾಸನಾಳಕ್ಕೆ ಸೇರುತ್ತದೆ. ಹಾಗೆ ಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲಕ್ಕಿಂತ ಮೋಸದ್ದು ಖಾಲಿ ಟ್ಯಾಂಕ್. ಎಣ್ಣೆ ಇಲ್ಲವಲ್ಲ ಎಂದು ಅದಕ್ಕೆ ವೆಲ್ಡಿಂಗ್ ಮಾಡಲು ಹೋಗಿ ಪ್ರಾಣ ಕಳೆದುಕೊಂಡವರು ಲೋಕದ ಎಲ್ಲ ಕಡೆ ಇದ್ದಾರೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ. ಖಾಲಿಯದರಲ್ಲಿ ಆವಿಯೂ ಇದೆ, ಗಾಳಿಯೂ ಇದೆ. ಬೇಕಾದದ್ದು ಕಿಡಿ ಮಾತ್ರ. ಟ್ಯಾಂಕನ್ನು ಹೊರಗೆ ತೆಗೆದು, ಸೋಪಿನ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಆವಿ ಹೋಗಿದೆ ಎಂದು ಉಪಕರಣದಿಂದ ಪರೀಕ್ಷಿಸಿದ ಮೇಲೆಯೇ, ಅದೂ ಬಲ್ಲವರಿಂದಲೇ, ಆ ಕೆಲಸ ಆಗಬೇಕು.

ಇಷ್ಟಾಗಿಯೂ ಬೆಂಕಿ ಹತ್ತಿದರೆ ನೀರು ಎರಚಬಾರದು. ಎಣ್ಣೆ ನೀರಿನ ಮೇಲೆ ತೇಲುತ್ತಾ ಬೆಂಕಿಯನ್ನು ಹರಡುತ್ತದೆ. ಎಂಜಿನ್ ನಿಲ್ಲಿಸಿ, ಕಾಕ್ ಮುಚ್ಚಿ, ಕೋಣೆಯ ಮುಚ್ಚಳ ಹಾಕಿ ಗಾಳಿ ಕಟ್ಟಬೇಕು. ಪುಡಿ ಅಥವಾ ನೊರೆಯ ಬೆಂಕಿ ಆರಿಸುವ ಸಾಧನ ಎಂಜಿನ್ ಕೋಣೆಯ ಒಳಗಲ್ಲ, ಬಾಗಿಲ ಹೊರಗೆ ಕೈಗೆ ಸಿಗುವಂತಿರಬೇಕು. ಕಾಕ್ ಕೂಡ ಹೊರಗಿನಿಂದಲೇ ಮುಚ್ಚುವಂತಿದ್ದರೆ ಇನ್ನೂ ಒಳ್ಳೆಯದು.

ಸೀಮೆಎಣ್ಣೆಯಿಂದ ಪೆಟ್ರೋಲಿಗೆ

ಉಪ್ಪುಂದ, ಮರವಂತೆ ಕಡೆಯ ನಾಡದೋಣಿಗಳ ಕಥೆ ತುಸು ಬೇರೆ. 1980ರ ದಶಕದಲ್ಲಿ ಅವುಗಳ ಹಿಂಬದಿಗೆ ಸೀಮೆಎಣ್ಣೆಯ ಔಟ್‌ಬೋರ್ಡ್ ಮೋಟಾರು ಬರತೊಡಗಿತು. ಮಳೆಗಾಲದ ನಿಷೇಧದಲ್ಲೂ 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗೆ ವಿನಾಯಿತಿ ಇದೆ. ಈ ಮೋಟಾರನ್ನು ಪೆಟ್ರೋಲ್ ಹಾಕಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ತಣ್ಣಗಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸುಲಭವಾಗಿ ಆವಿಯಾಗದಿರುವುದೇ ಇದಕ್ಕೆ ಕಾರಣ. ಸಬ್ಸಿಡಿ ಸೀಮೆಎಣ್ಣೆ ಸಕಾಲಕ್ಕೆ ಸಿಗಲಿಲ್ಲ ಎಂಬ ದೂರು ಈ ಭಾಗದಲ್ಲಿ ಹಲವು ವರ್ಷ ಕೇಳಿಬಂತು. 2023ರ ಬಜೆಟ್‌ನಲ್ಲಿ ರಾಜ್ಯ ಸರಕಾರ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಗುವವರಿಗೆ 50,000 ರೂಪಾಯಿ ಸಹಾಯಧನ ಪ್ರಕಟಿಸಿತು.

ಬದಲಾವಣೆ ಸ್ವಾಗತಾರ್ಹ. ಆದರೆ ಎಣ್ಣೆ ಬದಲಾದಾಗ ಕೈಯ ಅಭ್ಯಾಸವೂ ಬದಲಾಗಬೇಕು. ಸೀಮೆಎಣ್ಣೆಯ ಕ್ಯಾನನ್ನು ಹಿಡಿದಂತೆ ಪೆಟ್ರೋಲಿನ ಕ್ಯಾನನ್ನು ಹಿಡಿಯಲಾಗದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿಹೋಗದೆ ದೋಣಿಯ ತಳದಲ್ಲಿ, ಹಲಗೆಗಳ ಅಡಿಯಲ್ಲಿ, ನೀರಿನಂತೆ ನಿಂತಿರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಬೆರೆತರೂ ಸಿಡಿಯಬಲ್ಲದು. ಅಮೆರಿಕದಲ್ಲಿ ಪೆಟ್ರೋಲ್ ದೋಣಿಗಳು ಹೀಗೆ ಸಿಡಿಯುವುದನ್ನು ಕಂಡೇ 1940ರ ಮೋಟಾರ್ ದೋಣಿ ಕಾಯ್ದೆ ಎಂಜಿನ್ ಕೋಣೆಗೆ ಗಾಳಿಯ ದಾರಿಯನ್ನೂ, ಕಾರ್ಬ್ಯುರೇಟರಿಗೆ ಜ್ವಾಲೆ ತಡೆಯುವ ಜಾಲರಿಯನ್ನೂ ಕಡ್ಡಾಯ ಮಾಡಿತು. ಪೆಟ್ರೋಲ್ ಎಂಜಿನ್ ದೋಣಿಯ ಹೊಟ್ಟೆಯೊಳಗಿದ್ದರೆ ಚಾಲೂ ಮಾಡುವ ಮುನ್ನ ಕನಿಷ್ಠ ನಾಲ್ಕು ನಿಮಿಷ ಫ್ಯಾನ್ ಹಾಕಿ ಗಾಳಿ ಹೊರಹಾಕಬೇಕೆಂಬುದು ಅಲ್ಲಿನ ಪಾಠ. ನಮ್ಮಲ್ಲಿ ಕ್ಯಾನನ್ನು ದೋಣಿಯೊಳಗೆ ತುಂಬಿಸದೆ ದಡದ ಮೇಲಿಟ್ಟು ತುಂಬಿಸುವುದು, ಮುಚ್ಚಳ ಭದ್ರ ಮಾಡುವುದು, ಮೂಗಿಗೆ ವಾಸನೆ ಬಂದರೆ ಮೋಟಾರಿನ ಹಗ್ಗ ಎಳೆಯದಿರುವುದು, ಇಷ್ಟನ್ನಾದರೂ ರೂಢಿಸಿಕೊಳ್ಳಬಹುದು.

ಹಾಯಿಯ ಕಾಲದ ಹಿರಿಯರು ಗಾಳಿ ಯಾವಾಗ ಮುನಿಯುತ್ತದೆ ಎಂಬುದನ್ನು ಮಕ್ಕಳಿಗೆ ಮಾತಿನಲ್ಲೇ ಕಲಿಸಿದರು. ಎಣ್ಣೆಯ ಮುನಿಸನ್ನು ಕಲಿಸುವ ಹೊಣೆ ಈಗಿನವರದು. ಅದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಜುಲೈ ತಿಂಗಳ ದುರಸ್ತಿಯ ದಿನಗಳಲ್ಲಿ ಹಳೆಯ ಮೆಕ್ಯಾನಿಕ್ ಹೊಸ ಹುಡುಗನಿಗೆ ಪಾನ ಕೊಡುವ ಮುನ್ನ ಬ್ಯಾಟರಿಯ ಸ್ವಿಚ್ ತೋರಿಸಲಿ. ಮೀನುಗಾರರ ಸಂಘಗಳು ಋತುವಿಗೆ ಒಮ್ಮೆ ಎಂಜಿನ್ ನೋಡುವವರನ್ನೆಲ್ಲ ಕೂರಿಸಿ ಒಂದು ದಿನದ ಪಾಠ ನಡೆಸಲಿ. ಬೋಟಿನ ಮಾಲೀಕರು ಬಲೆಗೆ ಖರ್ಚು ಮಾಡುವಾಗ ಒಂದು ಪಾಲನ್ನು ಪೈಪು, ವಾಷರ್, ಬೆಂಕಿ ಆರಿಸುವ ಸಾಧನಕ್ಕೂ ತೆಗೆದಿಡಲಿ. ಆಗಸ್ಟಿನ ಮೊದಲ ನಸುಕಿನಲ್ಲಿ ಅಳಿವೆ ದಾಟುವಾಗ ತಾಂಡೇಲನ ಕಣ್ಣು ಅಲೆಯ ಮೇಲಿರಬೇಕು. ಎಂಜಿನ್ನಿನ ಸದ್ದಿಗೆ ಅವನು ಕಿವಿಗೊಟ್ಟು ಅಂಜುವಂತಾಗಬಾರದು.